12 ನಿಮಿಷದ ರೊಟ್ಟಿ ಊಟ: ವಿಜಯಪುರದ ಒಂದು ಖಾನಾವಳಿ, ಫಿಲಡೆಲ್ಫಿಯಾದ ಒಬ್ಬ ಕೋಚ್

ಖಾನಾವಳಿಯ ಹೆಸರು ಬರೆಯುವುದಿಲ್ಲ. ಈಗಷ್ಟೇ ಮತ್ತೆ ದಾರಿಗೆ ಬರುತ್ತಿದೆ, ಹಳೆಯ ಸಿಟ್ಟನ್ನು ಅದರ ಬಾಗಿಲಿಗೆ ಕಟ್ಟುವುದು ನನಗೆ ಬೇಡ. ವಿಜಯಪುರದ ಗಾಂಧಿ ಚೌಕದಿಂದ ಬಿಸಿಲಲ್ಲಿ ನಡೆದರೂ ಸುಸ್ತಾಗದಷ್ಟು ದೂರ. ಆರು ಟೇಬಲ್, ಎರಡು ಹಂಚು, ಕೈ ತೊಳೆಯಲು ಒಂದೇ ನಳ. ಇಷ್ಟು ಸಾಕು.

ಐದರಲ್ಲಿ ಮೂರೂವರೆ ಕೊಡುತ್ತಿದ್ದೇನೆ. ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಕೇಳಿದ್ದರೆ ಕಣ್ಣು ಮುಚ್ಚಿ ಐದು ಕೊಡುತ್ತಿದ್ದೆ. ಶ್ರಾವಣದಲ್ಲಿ ಕೇಳಿದ್ದರೆ ಒಂದು, ಅದೂ ಮಜ್ಜಿಗೆಗೆ. ನಡುವೆ ಆದದ್ದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನೂ ಹೇಳುತ್ತೇನೆ.

ನನ್ನದು ಡ್ರಿಪ್ ಪೈಪಿನ ಅಂಗಡಿ. ಮಧ್ಯಾಹ್ನ ಮನೆಗೆ ಹೋಗಿ ಬರಲು ಆಗುವುದಿಲ್ಲ. ಏಳು ವರ್ಷದಿಂದ ಇಲ್ಲೇ ಊಟ. ಕುಳಿತ ಕೂಡಲೇ ತಾಟಿನಲ್ಲಿ ಉಳ್ಳಾಗಡ್ಡಿ, ಮೆಂತೆ ತಪ್ಪಲ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಬರುತ್ತಿತ್ತು. ಆಮೇಲೆ ಎಣ್ಣೆಗಾಯಿ ಬದನೆಕಾಯಿ, ಒಂದು ಕಾಳು ಪಲ್ಯ, ಗಟ್ಟಿ ಮೊಸರು. ರೊಟ್ಟಿ ಮಾತ್ರ ಒಂದೊಂದೇ. ಮೊದಲನೆಯದು ಅರ್ಧ ಮುಗಿಯುವಾಗ ಒಳಗೆ ಎರಡನೆಯದು ಹಂಚಿನ ಮೇಲೆ ಉಬ್ಬುತ್ತಿರುತ್ತದೆ. ಬಡಿಸುತ್ತಿದ್ದ ಮುತ್ಯಾ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದು, "ಹಾಕ್ಲೇನ್ರಿ?" ಅಂತ ಕೇಳುವ ಹೊತ್ತಿಗೆ ಹಾಕಿಯೇ ಬಿಟ್ಟಿರುತ್ತಿದ್ದರು. ಯಾರಿಗೆ ಖಾರ ಕಮ್ಮಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಸೋಮವಾರ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಎಲ್ಲ ಅವರ ತಲೆಯಲ್ಲಿತ್ತು. ಊಟಕ್ಕೆ 40 ನಿಮಿಷ ಹಿಡಿಯುತ್ತಿತ್ತು. ಯಾರಿಗೂ ಜಾಸ್ತಿ ಅನಿಸುತ್ತಿರಲಿಲ್ಲ. ಹೊರಗೆ ಕಾಯುವವರಿಗೆ ಅನಿಸುತ್ತಿತ್ತು, ನಿಜ. ಎಷ್ಟೋ ಜನ ನೋಡಿ ವಾಪಸ್ ಹೋಗುತ್ತಿದ್ದರು. ಮಾಲೀಕರಿಗೆ, ಅಂದರೆ ನಾವೆಲ್ಲ ಕಾಕಾ ಅನ್ನುವವರಿಗೆ, ಅದೇ ಕೊರಗು.

ಜಾತ್ರೆ ಮುಗಿದ ಮೇಲೆ ಹೊಸ ಮ್ಯಾನೇಜರ್ ಬಂದರು. ಬೆಂಗಳೂರಿನ ದರ್ಶಿನಿಗಳಲ್ಲಿ ಕೆಲಸ ಮಾಡಿದವರು. ಚುರುಕು ಮನುಷ್ಯ, ಮಾತೂ ಚೆನ್ನ. ಮೊದಲ ವಾರವೇ ಗೋಡೆಗೆ ಒಂದು ದೊಡ್ಡ ಗಡಿಯಾರ ಬಂತು, ಕೌಂಟರ್ ಮೇಲೆ ಒಂದು ಗಂಟೆ ಬಂತು, ಬಾಗಿಲಲ್ಲಿ ಬೋರ್ಡ್ ಬಂತು: "12 ನಿಮಿಷದಲ್ಲಿ ಪೂರ್ತಿ ಊಟ." ಬಡಿಸುವ ಹುಡುಗರಿಗೆ ಬಣ್ಣದ ಕಾರ್ಡು. ಮ್ಯಾನೇಜರ್ ಹಳದಿ ಎತ್ತಿದರೆ ರೊಟ್ಟಿ, ಹಸಿರು ಎತ್ತಿದರೆ ಅನ್ನ ಸಾರು, ಕೆಂಪು ಎತ್ತಿದರೆ ತಾಟು ಎತ್ತು. ಮಾತಿಲ್ಲ ಕತೆಯಿಲ್ಲ.

ಕಾರ್ಡು ನೋಡಿ ನನಗೆ ನಗು ಬಂತು. ಯಾಕೆಂದರೆ ಇದನ್ನು ನಾನು ಮೊದಲೇ ನೋಡಿದ್ದೆ.

2013ರಿಂದ ಮೂರು ವರ್ಷ ನಾನು ಕಂಪನಿ ಕೆಲಸದ ಮೇಲೆ ಅಮೆರಿಕದಲ್ಲಿದ್ದೆ, ಫಿಲಡೆಲ್ಫಿಯಾದ ಹತ್ತಿರ ಕಿಂಗ್ ಆಫ್ ಪ್ರಶ್ಯ ಅನ್ನುವ ಊರಲ್ಲಿ. ಹೆಸರು ರಾಜನದು, ಊರಲ್ಲಿ ಇರುವುದು ಒಂದು ದೊಡ್ಡ ಮಾಲ್. ಅಲ್ಲಿ ಭಾನುವಾರ ಅಂದರೆ ಫುಟ್ಬಾಲ್. ನಮ್ಮ ಫುಟ್ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಕೈಯಲ್ಲಿ ಆಡುವುದು. ಒಂದೇ ತಂಡದಲ್ಲಿ ಎರಡು ಬೇರೆ ಪಡೆ ಇರುತ್ತದೆ. ಚೆಂಡು ನಮ್ಮ ಕೈಯಲ್ಲಿದ್ದಾಗ ಮುನ್ನುಗ್ಗುವ 11 ಜನ, ಎದುರಾಳಿ ಕೈಯಲ್ಲಿದ್ದಾಗ ತಡೆಯುವ ಬೇರೆ 11 ಜನ. ಒಂದು ಪಡೆ ಆಡುವಾಗ ಇನ್ನೊಂದು ಬೆಂಚಿನ ಮೇಲೆ ಕುಳಿತು ನೀರು ಕುಡಿಯುತ್ತದೆ. ನಾಲ್ಕು ಸಲದಲ್ಲಿ 10 ಗಜ ಮುಂದೆ ಹೋಗಬೇಕು. ಹೋಗದಿದ್ದರೆ ಚೆಂಡು ಅವರದು. ಪ್ರತಿ ಸಲದ ನಡುವೆ 40 ಸೆಕೆಂಡ್ ಸಮಯ. ಎಲ್ಲರೂ ಅದನ್ನು ಆರಾಮಾಗಿ ಬಳಸುತ್ತಾರೆ. ಗುಂಪುಗೂಡುತ್ತಾರೆ, ಮಾತಾಡಿಕೊಳ್ಳುತ್ತಾರೆ, ಆಮೇಲೆ ಆಡುತ್ತಾರೆ.

ಆ ವರ್ಷ ಫಿಲಡೆಲ್ಫಿಯಾ ಈಗಲ್ಸ್ ತಂಡಕ್ಕೆ ಚಿಪ್ ಕೆಲ್ಲಿ ಅನ್ನುವ ಕೋಚ್ ಬಂದರು. ಆರೆಗಾನ್ ಅನ್ನುವ ಕಾಲೇಜು ತಂಡಕ್ಕೆ ನಾಲ್ಕು ವರ್ಷದಲ್ಲಿ 46 ಗೆಲುವು, ಬರೀ 7 ಸೋಲು ಕೊಟ್ಟಿದ್ದವರು. ಅಲ್ಲಿ ಅವರು ಮೈದಾನದ ಅಂಚಿನಲ್ಲಿ ದೊಡ್ಡ ದೊಡ್ಡ ಚಿತ್ರದ ಬೋರ್ಡ್ ಎತ್ತಿಸುತ್ತಿದ್ದರು. ಹುಡುಗರು ಬೋರ್ಡ್ ನೋಡಿ ತಕ್ಷಣ ಆಡಬೇಕು, ಗುಂಪುಗೂಡುವುದೇ ಇಲ್ಲ. ಇವರು ಓಡುತ್ತಲೇ ಇದ್ದರೆ ಎದುರಾಳಿಗೆ ಆಟಗಾರರನ್ನು ಬದಲಿಸಲೂ ಸಮಯ ಸಿಗುವುದಿಲ್ಲ. ಸುಸ್ತಾಗಿ ಬೀಳುತ್ತಾರೆ. ಇದೇ ಅವರ ಲೆಕ್ಕ.

ಈಗಲ್ಸ್‌ಗೆ ಅವರ ಮೊದಲ ಪಂದ್ಯ 2013ರ ಸೆಪ್ಟೆಂಬರ್ 9, ವಾಷಿಂಗ್ಟನ್ ಎದುರು. ಸಹೋದ್ಯೋಗಿಯ ಮನೆಯಲ್ಲಿ ಕುಳಿತು ನೋಡಿದ್ದೆ. ಅರ್ಧ ಆಟದಲ್ಲೇ 53 ಸಲ ಮುನ್ನುಗ್ಗಿದರು. ಕೆಲವು ತಂಡಗಳು ಇಡೀ ಪಂದ್ಯದಲ್ಲಿ ಆಡುವಷ್ಟು ಅದು. ಒಂದು ಹೊತ್ತಿನಲ್ಲಿ 33-7 ಇತ್ತು. ಮನೆಯವರೆಲ್ಲ ಸೋಫಾ ಮೇಲೆ ಹತ್ತಿ ಕುಣಿದರು. ಕೊನೆಗೆ ಗೆದ್ದದ್ದು 33-27ಕ್ಕೆ. ಎದುರಾಳಿ ಹಿಂದಿನಿಂದ 20 ಅಂಕ ತೆಗೆದುಕೊಂಡಿದ್ದನ್ನು ಅವತ್ತು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾನೂ ಹಿಡಿಯಲಿಲ್ಲ. ಹಿಂದಿನ ವರ್ಷ 16ರಲ್ಲಿ 4 ಗೆದ್ದಿದ್ದ ತಂಡ ಆ ವರ್ಷ 10 ಗೆದ್ದಿತು. ಚೆಂಡು ಹಿಡಿದು ಓಡುವ ಲೆಶಾನ್ ಮೆಕಾಯ್ ಇಡೀ ಲೀಗ್‌ನಲ್ಲೇ ಎಲ್ಲರಿಗಿಂತ ಜಾಸ್ತಿ, 1,607 ಗಜ ಓಡಿದ. ನಿಕ್ ಫೋಲ್ಸ್ ಅನ್ನುವ ಹುಡುಗ 27 ಟಚ್‌ಡೌನ್ ಪಾಸ್, ಅಂದರೆ ಎದುರಾಳಿಯ ಗೆರೆ ದಾಟಿಸಿ ಅಂಕ ತರುವ ಎಸೆತ, ಎಸೆದ. ಅವನು ಎಸೆದ ಚೆಂಡು ಎದುರಾಳಿ ಕೈಗೆ ಹೋದದ್ದು ಎರಡೇ ಎರಡು ಸಲ.

ಈಗ ನನ್ನ ತಪ್ಪು. ಗಡಿಯಾರ ಬಂದ ವಾರ ಕಾಕಾ ನನ್ನ ಟೇಬಲ್ಲಿಗೆ ಬಂದು ಕೇಳಿದರು, "ತಮ್ಮಾ, ನೀ ದೇಶಾ ಸುತ್ತಿ ಬಂದಾಂವ. ಈ ಹುಡುಗನ ಲೆಕ್ಕಾ ಕೂಡ್ತದೇನು?" ನಾನು ಹುರುಪಿನಲ್ಲಿ ಕೆಲ್ಲಿ ಕತೆ ಹೇಳಿದೆ. 2013ರ ತನಕ ಮಾತ್ರ ಹೇಳಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಹುಡುಗ ತಾಟು ಎತ್ತಿದ.

ಮೊದಲ ಎರಡು ತಿಂಗಳು ಬೊಂಬಾಟ್. ಯುಗಾದಿ ಹೊತ್ತಿಗೆ ಹೊರಗೆ ಸಾಲು. ಬ್ಯಾಂಕಿನವರು, ಕೋರ್ಟಿನವರು, ಗೋಳಗುಮ್ಮಟ ನೋಡಲು ಬಂದು ಬಸ್ಸಿಗೆ ಅವಸರ ಇದ್ದವರು, ಎಲ್ಲರಿಗೂ ಇದು ಬೇಕಿತ್ತು. ಗಲ್ಲಾಪೆಟ್ಟಿಗೆ ಮುಚ್ಚಲು ಬರುತ್ತಿರಲಿಲ್ಲ. ನಾನೇ ಎಷ್ಟೋ ಜನರನ್ನು ಕರೆದುಕೊಂಡು ಹೋಗಿ, "ಇದರ ಐಡಿಯಾ ನನಗೆ ಮೊದಲೇ ಗೊತ್ತಿತ್ತು" ಅಂತ ಜಂಬ ಕೊಚ್ಚಿಕೊಂಡೆ.

ಮೊದಲು ಗಮನಕ್ಕೆ ಬಂದದ್ದು ಮೂರನೇ ರೊಟ್ಟಿ. 12 ನಿಮಿಷದಲ್ಲಿ ಮುಗಿಸಬೇಕೆಂದರೆ ಮೂರೂ ರೊಟ್ಟಿ ಒಟ್ಟಿಗೇ ತಾಟಿಗೆ ಬರಬೇಕು. ಮೊದಲನೆಯದು ಬಿಸಿ. ಎರಡನೆಯದು ಪರವಾಗಿಲ್ಲ. ಮೂರನೆಯದು ಅಡಿಯಲ್ಲಿ ಬೆವರಿ, ಮೇಲೆ ಬಿರುಸಾಗಿ, ತೊಗಲಿನ ಹಾಗೆ. ಕಡಕ್ ರೊಟ್ಟಿ ಬೇಕಾದರೆ ಕಡಕ್ ರೊಟ್ಟಿಯನ್ನೇ ಕೊಡಿ, ಅದರ ರುಚಿಯೇ ಬೇರೆ. ಇದು ಎರಡೂ ಅಲ್ಲ.

ಇದರ ಹಿಂದಿದ್ದ ನಿಜವಾದ ಸಮಸ್ಯೆ ಅಡುಗೆಮನೆಯಲ್ಲಿತ್ತು. ಅದು ಹೊರಗೆ ಕುಳಿತವರಿಗೆ ಕಾಣುತ್ತಿರಲಿಲ್ಲ. ದರ್ಶಿನಿಯಲ್ಲಿ ಇಡ್ಲಿ ಒಂದು ಸಲ ಹಬೆಗಿಟ್ಟರೆ ಹತ್ತಾರು ಪ್ಲೇಟ್. ರೊಟ್ಟಿ ಹಾಗಲ್ಲ. ಎಸರು ಹಾಕಿ ಹಿಟ್ಟು ನಾದಬೇಕು, ಬಡಿಯಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು, ತಿರುವಬೇಕು, ಉಬ್ಬಿಸಬೇಕು. ಒಂದು ಕೈಗೆ ಒಂದು ರೊಟ್ಟಿ. ಒಳಗೆ ಇದ್ದವರು ಮೂವರು ಹೆಂಗಸರು. ಹಿರಿಯರಾದ ದೊಡ್ಡವ್ವ ಒಂದು ಹಂಚು ನೋಡುತ್ತಿದ್ದರು. ಮೊದಲು ಗಿರಾಕಿ ನಿಧಾನಕ್ಕೆ ಉಣ್ಣುವಾಗ ಒಳಗಿನವರಿಗೆ ಉಸಿರು ಬಿಡಲು ಸಮಯ ಸಿಗುತ್ತಿತ್ತು. ಕಾಲು ಚಾಚಿ ಕೂಡುತ್ತಿದ್ದರು, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಈಗ ಪ್ರತಿ 12 ನಿಮಿಷಕ್ಕೆ ಆರೂ ಟೇಬಲ್ ಹೊಸದು. ರೊಟ್ಟಿ ತಣ್ಣಗಿದೆ ಅಂತ ತಾಟು ವಾಪಸ್ ಬಂದರೆ ಅದೂ ಅವರ ತಲೆಗೇ. ಹೊರಗೆ ಎಷ್ಟು ಬೇಗ ಮುಗಿಯುತ್ತದೋ ಒಳಗೆ ಅಷ್ಟು ಬೇಗ ಮತ್ತೆ ಶುರು.

ಕೆಲ್ಲಿಯ ತಂಡಕ್ಕೂ ಆದದ್ದು ಇದೇ. ಮುನ್ನುಗ್ಗುವ ಪಡೆ ಗೆದ್ದಾಗ ವೇಗ ಚೆಂದ. ಸೋತರೆ? ಮೂರು ಸಲ ನುಗ್ಗಿ, ಮೂರೂ ಸಲ ಎಡವಿ, ಒಂದೇ ನಿಮಿಷದಲ್ಲಿ ಚೆಂಡು ಎದುರಾಳಿಗೆ. ಈಗಷ್ಟೇ ಬೆಂಚಿನ ಮೇಲೆ ಕುಳಿತು ಬಾಟಲಿ ಎತ್ತಿದ್ದ ತಡೆಯುವ ಪಡೆ ಮತ್ತೆ ಎದ್ದು ಓಡಬೇಕು. ಚೆಂಡನ್ನು ಕೈಯಲ್ಲಿ ಇಟ್ಟುಕೊಂಡ ಸಮಯದಲ್ಲಿ ಈಗಲ್ಸ್ ಮೂರು ವರ್ಷವೂ ಲೀಗ್‌ನ 32 ತಂಡಗಳಲ್ಲಿ ಕೊನೆಯದು. ಎದುರಾಳಿಯನ್ನು ಸುಸ್ತು ಮಾಡಲು ಹೊರಟು ತಮ್ಮವರನ್ನೇ ಸುಸ್ತು ಮಾಡಿದರು. ಆಗ ಕಾಲೇಜಿನಲ್ಲಿ ಒಂದು ತಂಡಕ್ಕೆ 85 ಸ್ಕಾಲರ್‌ಶಿಪ್ ಹುಡುಗರು ಇರಬಹುದಿತ್ತು. ಈಗಲ್ಸ್ ಆಡುವ ಲೀಗ್‌ನಲ್ಲಿ ತಂಡಕ್ಕೆ ಒಟ್ಟು 53, ಆಗ ಪಂದ್ಯದ ದಿನ ಆಡಲು ಸಿಗುತ್ತಿದ್ದವರು 46. 2015ರ ನವೆಂಬರ್‌ನಲ್ಲಿ ಐದೇ ದಿನದೊಳಗೆ ಎರಡು ಪಂದ್ಯ: ಟ್ಯಾಂಪಾ ಬೇ 45 ಅಂಕ ಹೊಡೆಯಿತು, ಡೆಟ್ರಾಯ್ಟ್ ಮತ್ತೆ 45. ಎರಡರಲ್ಲೂ ಐದೈದು ಟಚ್‌ಡೌನ್ ಪಾಸ್. ಡೆಟ್ರಾಯ್ಟ್ ಪಂದ್ಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಸೋಫಾ ಮೇಲೆ ಕುಣಿದಿದ್ದ ಅದೇ ಮನೆಯಲ್ಲಿ ಅವತ್ತು ಎರಡನೇ ಅರ್ಧಕ್ಕೆ ಟಿವಿ ಆರಿಸಿ ಪಾತ್ರೆ ತೊಳೆಯಲು ಎದ್ದರು.

ಇನ್ನೊಂದು. ಬೇಗ ಆಡಬೇಕೆಂದರೆ ಆಟ ಸರಳ ಇರಬೇಕು. ಕೆಲ್ಲಿ ಹತ್ತಿರ ಇದ್ದದ್ದು ಕೆಲವೇ ವರಸೆ. ಮೊದಲ ವರ್ಷ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷ ವಿಡಿಯೋ ನೋಡಿದ ಮೇಲೆ ಎಲ್ಲರಿಗೂ ಗೊತ್ತಾಯಿತು. ಓಡುವವನು ಎಲ್ಲಿ ನಿಂತಿದ್ದಾನೆ ನೋಡಿದರೆ ಸಾಕು, ಯಾವ ಕಡೆ ಹೋಗುತ್ತಾನೆ ಅಂತ ಹೇಳಬಹುದಿತ್ತು. ಇವಾನ್ ಮ್ಯಾಥಿಸ್ ಅನ್ನುವ ಆಟಗಾರ ತಂಡ ಬಿಟ್ಟ ಮೇಲೆ, ಈ ಆಟ ಬೆಳೆಯುವುದೇ ಇಲ್ಲ, ಸಪ್ಪೆ ಅಂತ ಬಾಯಿಬಿಟ್ಟೇ ಹೇಳಿದ.

ನಮ್ಮ ಖಾನಾವಳಿಯಲ್ಲಿ ವರಸೆ ಓದಿದವರು ಗಿರಾಕಿಗಳು. ಮ್ಯಾನೇಜರ್ ಹಸಿರು ಕಾರ್ಡ್ ಎತ್ತುವ ಮೊದಲು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅದು ಕಂಡ ಕೂಡಲೇ ಕೋರ್ಟಿನ ಗುಮಾಸ್ತರೊಬ್ಬರು, "ಏ ತಮ್ಮಾ, ರೊಟ್ಟಿ ಎರಡ ತಾ!" ಅಂತ ಕೂಗುತ್ತಿದ್ದರು. ಉಳಿದ ಟೇಬಲ್‌ನವರೂ ಕೂಗುತ್ತಿದ್ದರು. ಅನ್ನ ಹಿಡಿದ ಹುಡುಗ ನಡುವೆ ನಿಂತು ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ನಾನೂ ಕೂಗಿದ್ದೇನೆ, ಸುಳ್ಳು ಹೇಳುವುದಿಲ್ಲ.

ಇಷ್ಟಾದರೂ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಖರೀದಿಯೂ ಮ್ಯಾನೇಜರ್ ಕೈಗೆ ಹೋಯಿತು. ಗಲ್ಲಾ ತುಂಬಿದ್ದನ್ನು ನೋಡಿ ಕಾಕಾ ಕೀಲಿಕೈ ಕೊಟ್ಟುಬಿಟ್ಟರು. ಮ್ಯಾನೇಜರ್ ಮೊದಲು ಮುತ್ಯಾ ಅವರನ್ನು ಬಿಡಿಸಿದರು. ನಿಧಾನ ಅಂತೆ, ಗಿರಾಕಿ ಜೊತೆ ಮಾತು ಜಾಸ್ತಿ ಅಂತೆ. ಆಮೇಲೆ ಜೋಳ. ಡೋಣಿ ಬೆಳೆದರೆ ಓಣೆಲ್ಲ ಕಾಳು ಅನ್ನುವ ಡೋಣಿ ಹೊಳೆಯ ಸೀಮೆ ನಮ್ಮದು. ಹಿಂಗಾರಿಯ ಬಿಳಿ ಮಾಲದಂಡಿ ಜೋಳ ತಂದು, ಬೇಕಾದಷ್ಟೇ ಗಿರಣಿಗೆ ಹಾಕಿಸುತ್ತಿದ್ದರು. ಅದನ್ನು ನಿಲ್ಲಿಸಿ ಚೀಲದಲ್ಲಿ ಬರುವ ಹಿಟ್ಟು ತಂದರು. ಬೀಸಿ ಬಹಳ ದಿನವಾದ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ಒಡೆದದ್ದನ್ನು ಮತ್ತೆ ಮುದ್ದೆ ಮಾಡಿ ಬಡಿಯಬೇಕು. ಅಂದರೆ ವೇಗಕ್ಕೆಂದು ತಂದ ಹಿಟ್ಟು ಕೆಲಸ ಎರಡು ಪಟ್ಟು ಮಾಡಿತು. ಕಾರಹುಣ್ಣಿಮೆಗೆ ಊರಿಗೆ ಹೋದ ದೊಡ್ಡವ್ವ ತಿರುಗಿ ಬರಲಿಲ್ಲ.

ಕೆಲ್ಲಿಗೂ ಕೀಲಿಕೈ ಸಿಕ್ಕಿತ್ತು. 2014ರಲ್ಲೂ 10 ಪಂದ್ಯ ಗೆದ್ದರು, ಆದರೆ ಪ್ಲೇಆಫ್, ಅಂದರೆ ಕೊನೆಯ ನಾಕೌಟ್ ಸುತ್ತು, ಸಿಗಲಿಲ್ಲ. 2015ರ ಜನವರಿಯಲ್ಲಿ ಆಟಗಾರರನ್ನು ಆರಿಸುವ ಅಧಿಕಾರ ಪೂರ್ತಿ ಅವರಿಗೇ ಬಂತು. ಅಷ್ಟು ದಿನ ಆ ಕೆಲಸ ನೋಡುತ್ತಿದ್ದ ಹೌವಿ ರೋಸ್‌ಮನ್ ಪಕ್ಕಕ್ಕೆ ಸರಿದರು. ಕೆಲ್ಲಿ ಮೆಕಾಯ್‌ನನ್ನು ಬಫಲೋ ತಂಡಕ್ಕೆ ಕೊಟ್ಟರು, ಫೋಲ್ಸ್‌ನನ್ನೂ ಬೇರೊಂದು ತಂಡಕ್ಕೆ ಕೊಟ್ಟರು. ಅದಕ್ಕೂ ಹಿಂದಿನ ವರ್ಷವೇ ಪಾಸ್ ಹಿಡಿಯುವ ಆಟಗಾರ ಡೆಶಾನ್ ಜಾಕ್ಸನ್‌ನನ್ನು ಸುಮ್ನೆ ಬಿಟ್ಟುಕಳಿಸಿದ್ದರು. ಮೆಕಾಯ್ ಜಾಗಕ್ಕೆ ಡಿಮಾರ್ಕೊ ಮರ್ರೇ ಬಂದ. ಹಿಂದಿನ ವರ್ಷ ಡಲ್ಲಾಸ್‌ಗೆ 1,845 ಗಜ ಓಡಿದವನು. ಐದು ವರ್ಷಕ್ಕೆ 4 ಕೋಟಿ ಡಾಲರ್ ಒಪ್ಪಂದ. ಮರ್ರೇ ನೇರ ನುಗ್ಗುವ ಆಳು, ಕೆಲ್ಲಿಯ ಆಟದಲ್ಲಿ ಅಡ್ಡಡ್ಡ ಓಡಬೇಕು. ಹಳೆಯ ತಂಡದ ಎದುರೇ 13 ಸಲ ಚೆಂಡು ಹಿಡಿದು ಓಡಿ ಒಟ್ಟು 2 ಗಜ ಹೋದ. ನನ್ನ ಅಂಗಡಿಯ ಅನುಭವ ಹೇಳುತ್ತೇನೆ: 16 ಎಂಎಂ ಪೈಪಿಗೆ 20 ಎಂಎಂ ಜಾಯಿಂಟ್ ಹಾಕಿದರೆ ಎರಡೂ ಒಳ್ಳೆ ಕಂಪನಿಯದೇ ಇರಬಹುದು, ನೀರು ಮಾತ್ರ ಬದುವಿನ ಮೇಲೆ.

ಆ ಡಿಸೆಂಬರ್‌ನಲ್ಲಿ ಮೆಕಾಯ್ ಬಫಲೋ ತಂಡದ ಜೊತೆ ಫಿಲಡೆಲ್ಫಿಯಾಗೆ ಬಂದ. ಪಂದ್ಯ ಶುರುವಾಗುವ ಮುಂಚೆ ಮೈದಾನದ ನಡುವೆ ಹೋಗಿ, ಬಗ್ಗಿ ಈಗಲ್ಸ್ ಗುರುತಿಗೆ ಮುತ್ತು ಕೊಟ್ಟ. ಅದು ನೆನಪಾದದ್ದು ಶ್ರಾವಣದ ಒಂದು ಮಧ್ಯಾಹ್ನ. ಮುತ್ಯಾ ಗಿರಾಕಿಯಾಗಿ ಊಟಕ್ಕೆ ಬಂದಿದ್ದರು, ಕೂಪನ್ ತೆಗೆದುಕೊಂಡು. ಮೂರನೇ ರೊಟ್ಟಿ ಮುಟ್ಟಿ ನೋಡಿದರು. ಏನೂ ಅನ್ನಲಿಲ್ಲ. ಗಂಟೆ ಹೊಡೆಯುವ ಮುಂಚೆಯೇ ಎದ್ದು, ತಮ್ಮ ತಾಟನ್ನು ತಾವೇ ಒಳಗೆ ಇಟ್ಟು, ಪಕ್ಕದ ಟೇಬಲ್ಲಿನ ಅಜ್ಜಿಗೆ ಒಂದು ಲೋಟ ನೀರು ತಂದುಕೊಟ್ಟು ಹೋದರು. ಅಭ್ಯಾಸ.

ಅವತ್ತು ಸಂಜೆ ಕಾಕಾ ನನ್ನ ಅಂಗಡಿಗೆ ಬಂದರು. ಏಳು ವರ್ಷದಲ್ಲಿ ಮೊದಲ ಸಲ. ಪೈಪಿನ ಸುರುಳಿ ಮೇಲೆ ಕುಳಿತು ಕೇಳಿದರು, "ನಿಮ್ಮ ಆ ಓಡೂ ಕೋಚ್ ಮುಂದ ಏನಾದಾ?"

ಉಳಿದ ಕತೆ ಹೇಳಬೇಕಾಯಿತು. 2015ರ ಡಿಸೆಂಬರ್ 26ಕ್ಕೆ ವಾಷಿಂಗ್ಟನ್ ಎದುರು 38-24ಕ್ಕೆ ಸೋತರು. ಗೆದ್ದದ್ದು 6, ಸೋತದ್ದು 9. ಇನ್ನೊಂದೇ ಪಂದ್ಯ ಬಾಕಿ ಇತ್ತು. ಮಾಲೀಕ ಜೆಫ್ರಿ ಲ್ಯೂರಿ ಅದಕ್ಕೂ ಕಾಯಲಿಲ್ಲ, 29ನೇ ತಾರೀಖು ಕಳಿಸಿಬಿಟ್ಟರು. ಮುಂದಿನ ಕೋಚ್‌ಗೆ ಜನರ ಮನಸ್ಸು ಅರ್ಥ ಆಗಬೇಕು ಅನ್ನುವ ಅರ್ಥದ ಮಾತಾಡಿದರು. ಕೆಲ್ಲಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಅಲ್ಲಿ 16ರಲ್ಲಿ 2 ಗೆಲುವು, ನಡುವೆ ಸಾಲಾಗಿ 13 ಸೋಲು. 2017ರ ಜನವರಿ 1ಕ್ಕೆ ಅಲ್ಲಿಂದಲೂ ಹೊರಗೆ.

"ಮತ್ತ ಆ ಫಿಲಡೆಲ್ಫಿಯಾದವ್ರು?" ಅಂದರು ಕಾಕಾ.

ಫೋಲ್ಸ್‌ನನ್ನು ವಾಪಸ್ ಕರೆತಂದರು, 2018ರ ಫೆಬ್ರವರಿಯಲ್ಲಿ ಅವನೇ ಆಡಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆಲ್ಲಿಸಿದ, ಆ ಊರಿಗೆ ಮೊದಲ ಸಲ ಅಂದೆ. ನಾನು ಅಷ್ಟರಲ್ಲಿ ವಿಜಯಪುರಕ್ಕೆ ವಾಪಸ್ ಬಂದಿದ್ದೆ, ಬೆಳಿಗ್ಗೆ ಬೇಗ ಎದ್ದು ಮೊಬೈಲ್‌ನಲ್ಲಿ ನೋಡಿದ್ದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬೈದರು. ಕೋಚ್‌ಗಲ್ಲ, ನನಗೆ. "ಇದನ್ನ ಜಾತ್ರಿ ಮುಗದಾಗ ಹೇಳಬೇಕಿತ್ತಲ್ಲೋ ಹುಚ್ಚಾ."

ಮಹಾನವಮಿಗೆ ನಾಲ್ಕು ದಿನ ಇರುವಾಗ ಮ್ಯಾನೇಜರ್ ಹೋದರು. ಕೆಟ್ಟವರಲ್ಲ ಆ ಮನುಷ್ಯ, ಇದನ್ನು ಬರೆಯಲೇಬೇಕು. ಲೆಕ್ಕ ಪೈಸೆ ಪೈಸೆಗೆ ಸರಿ ಇತ್ತು, ನಳದ ಹತ್ತಿರ ಸಾಬೂನು ಮೊದಲ ಸಲ ಬಂದದ್ದು ಅವರಿಂದಲೇ. ಇಡ್ಲಿ ವಡೆ ಅಂಗಡಿಗೆ ಅವರಂಥವರು ಸಿಗುವುದಿಲ್ಲ. ಕೆಲ್ಲಿ ಬಗ್ಗೆಯೂ ನಾನು ಇದನ್ನೇ ಹೇಳುವುದು. ಮತ್ತೆ ಕಾಲೇಜಿಗೆ ಹೋಗಿ, 2024ರ ಸಾಲಿನಲ್ಲಿ ಒಹಾಯೊ ಸ್ಟೇಟ್ ತಂಡದ ಮುನ್ನುಗ್ಗುವ ಪಡೆಯನ್ನು ನೋಡಿಕೊಂಡರು. ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಹಳೆಯ ಅವಸರ ಅಲ್ಲಿರಲಿಲ್ಲ.

ಈಗಿನ ಸ್ಥಿತಿ. ದೊಡ್ಡವ್ವ ವಾಪಸ್ ಬಂದಿದ್ದಾರೆ, ಹೆಚ್ಚು ಸಂಬಳಕ್ಕೆ. ಮುತ್ಯಾ ಮಧ್ಯಾಹ್ನ ಮಾತ್ರ ಇರುತ್ತಾರೆ, ರಾತ್ರಿ ಹೋದರೆ ಹುಡುಗರೇ. ರೊಟ್ಟಿ ಒಂದೊಂದೇ ಬರುತ್ತದೆ, ಜೋಳ ಮತ್ತೆ ಮೊದಲಿನ ಮಾಲದಂಡಿಯೇ. ಎಣ್ಣೆಗಾಯಿಗೆ ಇನ್ನೂ ಮೊದಲಿನ ಹದ ಬಂದಿಲ್ಲ, ಶೇಂಗಾ ಪುಡಿ ಕಮ್ಮಿ, ಹುಳಿ ಮುಂದೆ. ಅದಕ್ಕೇ ಅರ್ಧ ನಕ್ಷತ್ರ ಕಟ್. ಊಟಕ್ಕೆ 10 ರೂಪಾಯಿ ಏರಿಸಿದ್ದಾರೆ. ಅದಕ್ಕೆ ಕಟ್ ಮಾಡಿಲ್ಲ. ಇನ್ನೊಂದು ನಕ್ಷತ್ರ ಕಟ್ ಆದದ್ದು ಸಾಲಿಗೆ: ಒಂದೂವರೆ ಗಂಟೆಗೆ ಹೋದರೆ ಅರ್ಧ ತಾಸು ನಿಲ್ಲಬೇಕು, ನೆರಳಿಲ್ಲ. ಕಾಕಾ ಹೊರಗೆ ಎರಡು ಬೆಂಚು ಹಾಕಿಸುತ್ತೇನೆ ಅಂತ ಮಹಾನವಮಿಯಿಂದ ಹೇಳುತ್ತಿದ್ದಾರೆ.

ಬಾಗಿಲಿನ ಬೋರ್ಡ್ ಇನ್ನೂ ತೆಗೆದಿಲ್ಲ, ಅದನ್ನು ನಂಬಿ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ. ಕೌಂಟರಿನ ಗಂಟೆಯನ್ನು ಮಜ್ಜಿಗೆ ಖಾಲಿ ಆದಾಗ ಒಳಗೆ ತಿಳಿಸಲು ಹೊಡೆಯುತ್ತಾರೆ. ಅಗಸಿ ಹಿಂಡಿ ಒಳಗೆ ಡಬ್ಬಿಯಲ್ಲಿ ಇರುತ್ತದೆ, ಅವರಾಗಿ ಹಾಕುವುದಿಲ್ಲ. ಮುತ್ಯಾ ಅವರನ್ನು ಕೇಳಿ ಹಾಕಿಸಿಕೊಳ್ಳಿ, ಮೇಲೆ ಒಂದು ಚಮಚ ಕುಸುಬಿ ಎಣ್ಣೆ.